ಸೌಟಿನ ಬಾಯಿಗೊಂದು ಗೆರೆ

ಬಡಗಿ ತೀರಿಕೊಂಡ ಕೆಲವು ವಾರಗಳಿಗೆ ಅವನ ಹೆಂಡತಿಗೆ ಕಲ್ಲುಕುಟಿಗ ಹೇಳಿಕಳಿಸಿದ. ಸಮಾಧಿಯ ಕಲ್ಲು ಸಿದ್ಧವಾಗಿದೆ, ಹೆಸರು ಬರೆದುಕೊಟ್ಟರೆ ಕೆತ್ತಿಬಿಡುತ್ತೇನೆ ಎಂದು. ಅವಳಿಗೆ ಅದು ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಪಂಥದ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ಅವಳೇ. ಎಲ್ಲರ ಬಾಯಲ್ಲೂ ಅವಳು ಅಕ್ಷರದಮ್ಮ. ಆದರೆ ಆವತ್ತು ಪೆನ್ಸಿಲ್ ಹಿಡಿದು ಕೂತವಳಿಗೆ ಕೈಯೇ ಓಡಲಿಲ್ಲ.

ಅವಳು ಕಲಿಸುತ್ತಿದ್ದ ಪಂಥದ ಲಿಪಿ ಹೊರಗಿನ ಯಾರಿಗೂ ಬಾರದು. ಪಂಥ ಕಟ್ಟಿದ ಮೂಲತಾಯಿ ಓದುಬರಹ ಅರಿಯದ ಹೆಂಗಸು. ಅಧಿಕಾರಿಗಳು ಅವಳ ಜನರ ಪ್ರಾರ್ಥನೆಗಳನ್ನು ಹುಡುಕಿ ಸುಡುತ್ತಿದ್ದ ಕಾಲ. ಜ್ವರದಲ್ಲಿ ಮಲಗಿದ್ದ ಅವಳಿಗೆ ಒಂದೊಂದು ಸದ್ದೂ ಒಂದೊಂದು ಆಕಾರ ತಳೆದು ಬಂತಂತೆ: ಸೂಜಿ, ಕೊಕ್ಕೆ, ಸೌಟು, ಬಾಗಿಲ ಅಗುಳಿ. ಎದ್ದವಳೇ ಇದ್ದಿಲಿನಿಂದ ಗೋಡೆಯ ಮೇಲೆ ಬರೆದಳಂತೆ. ಅಂದಿನಿಂದ ಅದಕ್ಕೆ ಒಂದು ಗೆರೆ ಕೂಡಿಸಿದವರಿಲ್ಲ, ಒಂದು ಗೆರೆ ಕಳೆದವರಿಲ್ಲ.

ಬಡಗಿ ಹೊರಗಿನವನು. ಅವಳನ್ನು ಮದುವೆಯಾಗಲೆಂದು ಪಂಥ ಸೇರಿ, ಬರಬರುತ್ತ ಮನಸಾರೆ ಅದರವನೇ ಆಗಿಹೋದವನು. ಮಂದಿರದ ಬೆಂಚುಗಳೆಲ್ಲ ಅವನ ಕೈಕೆಲಸ. ಅವನ ಹೆಸರು ಶುರುವಾಗುತ್ತಿದ್ದದ್ದು ಕೆಳತುಟಿಯ ಮೇಲೆ ಹಲ್ಲೂರಿ ಗಾಳಿ ಬಿಡುವ ಸದ್ದಿನಿಂದ. ಮೂಲತಾಯಿಯ ಭಾಷೆಯಲ್ಲಿ ಆ ಸದ್ದಿರಲಿಲ್ಲ, ಹಾಗಾಗಿ ಲಿಪಿಯಲ್ಲಿ ಅದಕ್ಕೆ ಅಕ್ಷರವೂ ಇರಲಿಲ್ಲ. ಸೇರಿದ ದಿನ ಅವನ ಹೆಸರನ್ನು ‘ಪ’ಕಾರದಿಂದಲೇ ಬರೆದುಕೊಂಡರು. ಹಾಗೆ ಬರೆದರೆ ಅದು ಅವರ ಭಾಷೆಯಲ್ಲಿ ‘ತೂತು ಮಡಕೆ’ ಎಂದಾಗುತ್ತಿತ್ತು. ವರ್ಷಕ್ಕೊಮ್ಮೆ ಮಂದಿರದಲ್ಲಿ ಎಲ್ಲರ ಹೆಸರು ಓದುವಾಗ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಅವನೂ ನಗುತ್ತಿದ್ದ. “ತೂತಿದ್ರೇನು, ಇನ್ನೂ ಒಲೆ ಮೇಲೆ ಇದೀನಲ್ಲ” ಎನ್ನುತ್ತಿದ್ದ.

ಅವನಿದ್ದಾಗ ಅದು ತಮಾಷೆ. ಈಗ ಕಲ್ಲಿನ ಮೇಲೆ ಅದನ್ನೇ ಕೆತ್ತಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಅಣ್ಣನ ಬಳಿ ಹೋದಳು. ಮಂದಿರದ ಹಿರಿಯ ಅವಳ ಒಡಹುಟ್ಟಿದ ಅಣ್ಣನೇ. ದೀಪದ ಗಾಜು ಒರೆಸುತ್ತಿದ್ದವನ ಮುಂದೆ ಕಾಗದ ಇಟ್ಟಳು. ಅದರಲ್ಲಿ ‘ಪ’ಕಾರದ ಸೌಟು, ಸೌಟಿನ ಬಾಯಿಂದ ಹೊರಟ ಸಣ್ಣದೊಂದು ಗೆರೆ.

“ಇದೇನಮ್ಮ?”

“ಅವರ ಹೆಸರಿನ ಮೊದಲನೇ ಅಕ್ಷರ.”

“ಇಂಥ ಅಕ್ಷರ ಇಲ್ವಲ್ಲ.”

“ಇಲ್ಲ ಅಂತಾನೇ ಬರೆದೆ ಅಣ್ಣ.”

ಅವನು ಗಾಜನ್ನು ಕೆಳಗಿಟ್ಟ. “ಮೂಲತಾಯಿಗೆ ಅದು ಮೇಲಿಂದ ಬಂತು. ನಿಂಗೂ ಹಾಗೇ ಬಂತಾ? ಬಂದಿದ್ರೆ ಹೇಳು. ನಾನೇ ಎಲ್ಲರ ಮುಂದೆ ನಿಂತು ಹೇಳ್ತೀನಿ.”

ಹೌದು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಅಣ್ಣ ಬೇಕೆಂದೇ ದಾರಿ ಬಿಟ್ಟುಕೊಡುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

“ಇಲ್ಲಣ್ಣ, ನಂಗೇನೂ ಬರಲಿಲ್ಲ. ಅಡುಗೆಮನೇಲಿ ಕೂತು ನಾನೇ ಬರೆದೆ.”

“ಹಾಗಾದ್ರೆ ನಾನು ಒಪ್ಪೋಕಾಗಲ್ಲ. ಇವತ್ತು ನೀನು, ನಾಳೆ ಇನ್ನೊಬ್ರು. ಕೊನೆಗೆ ಉಳಿಯೋದು ಬರೀ ಗೀಚು.”

“ಮತ್ತೆ ನಾವು ಮಣ್ಣು ಮಾಡಿದ್ದು ತೂತು ಮಡಕೇನಾ?”

ಅಣ್ಣ ಕಾಗದವನ್ನು ಅವಳ ಕಡೆಗೆ ಸರಿಸಿದ. “ನೀನು ಕೆತ್ತಿಸಿದ್ರೆ ನಾನು ಅಳಿಸೋಕೆ ಬರಲ್ಲ. ಆದ್ರೆ ಹೊಸ ಅಕ್ಷರ ಬರೆದ ಕೈ ಮಕ್ಕಳಿಗೆ ತಿದ್ದಿಸೋ ಹಾಗಿಲ್ಲ. ಕಟ್ಟಳೆ ನಿಂಗೂ ಗೊತ್ತು.”

“ಗೊತ್ತು. ಮಕ್ಕಳಿಗೆ ಅದನ್ನ ಬಾಯಿಪಾಠ ಮಾಡಿಸಿದ್ದೇ ನಾನು.”

ಬಸ್ ಓಡಿಸುವ ಮಗಳು ಕೆಲಸ ಮುಗಿಸಿ ಬಂದು ಎಲ್ಲ ಕೇಳಿದಳು. “ಊರಿನ ಲಿಪೀಲೇ ಬರೆಸಮ್ಮ. ಯಾರ ತಂಟೆನೂ ಇರಲ್ಲ.”

“ಆ ಲಿಪಿ ಇರೋ ಕಲ್ಲನ್ನ ನಮ್ಮ ಸ್ಮಶಾನದ ಬೇಲಿಯೊಳಗೆ ನಿಲ್ಲಿಸೋಕೆ ಬಿಡಲ್ಲ ಕಣೆ. ನಿಮ್ಮಪ್ಪ ತನ್ನೋರನ್ನೆಲ್ಲ ಬಿಟ್ಟು ನಮ್ಮೊಳಗೆ ಬಂದೋರು. ಈಗ ಆಚೆ ಕಳಿಸ್ಲಾ?”

ಮಗಳು ತಾಯಿಯ ಪಕ್ಕದಲ್ಲಿ ಕೂತು, ಸಮವಸ್ತ್ರವನ್ನೂ ಬದಲಿಸದೆ, ಅವಳ ಬೆನ್ನು ಸವರತೊಡಗಿದಳು.

ಮರುದಿನ ಅಕ್ಷರದಮ್ಮ ಎಂದಿನಂತೆ ಪಾಠ ಮಾಡಿದಳು. ಅಗುಳಿಯ ಅಕ್ಷರವನ್ನು ತಲೆಕೆಳಗಾಗಿ ಬರೆದ ಹುಡುಗಿಯ ಕೈ ಹಿಡಿದು ತಿದ್ದಿದಳು. ಮಕ್ಕಳು ಹೋದ ಮೇಲೆ ಹಲಗೆ ಒರೆಸಿ, ಕೋಣೆಯ ಬೀಗದ ಕೈಯನ್ನು ಅಣ್ಣನ ಕೈಗಿಟ್ಟು, ನೇರವಾಗಿ ಕಲ್ಲುಕುಟಿಗನ ಅಂಗಳಕ್ಕೆ ನಡೆದಳು.

ಕಲ್ಲು ನಿಲ್ಲಿಸುವ ದಿನ ಅಣ್ಣ ಬರುವುದಿಲ್ಲವೆಂದೇ ಅವಳು ಅಂದುಕೊಂಡಿದ್ದಳು. ಬಂದ. ಹೊಸ ಅಕ್ಷರದ ಕಡೆ ನೋಡದೆ ಪ್ರಾರ್ಥನೆ ಹೇಳಿದ. ಹೆಸರು ಬಂದಾಗ ತಡೆದು ನಿಂತ. ಜನ್ಮದಲ್ಲಿ ಆ ಸದ್ದು ಹೊರಡಿಸದ ಬಾಯಿ. ತುಟಿಯನ್ನು ಹಲ್ಲಿಗೆ ಒತ್ತಿದ, ಬರೀ ಗಾಳಿ ಬಂತು. ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ಸರಿಮಾಡಿಕೊಂಡು ಮತ್ತೆ ಹೇಳಿದ. ಈ ಸಲ ಬಡಗಿಯ ಹೆಸರು, ಅವನ ತಾಯಿ ಕರೆಯುತ್ತಿದ್ದ ಹಾಗೆಯೇ, ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಅಕ್ಷರದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು; ಗಂಡ ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಪಾಠದ ಕೋಣೆ ಅವಳಿಗೆ ಮತ್ತೆ ಸಿಗಲಿಲ್ಲ. ಅಣ್ಣ ಆಗಾಗ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಆ ಅಕ್ಷರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಸಂಜೆ ಮಕ್ಕಳು ಮಂದಿರದ ಕಡೆ ಓಡುವ ಹೊತ್ತಿಗೆ ಅವಳು ಕಿಟಕಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ದರ್ಜಿ ಹೆಂಗಸು ಬಾಗಿಲಿಗೆ ಬಂದಳು. ಅವಳ ಅಳಿಯ ಹೊರಗಿನವನು.

“ಮೊಮ್ಮಗಳಿಗೆ ಅವರ ಕಡೆ ಅಜ್ಜಿ ಹೆಸರು ಇಟ್ಟಿದಾರೆ ಅಕ್ಕ. ಅದರಲ್ಲೂ ಅದೇ ಸದ್ದು. ತೊಟ್ಟಿಲ ಬಟ್ಟೆ ಮೇಲೆ ಹೊಲೀಬೇಕು. ಒಂಚೂರು ತೋರಿಸ್ತೀರಾ?”

“ನಾನು ಕಲಿಸೋ ಹಾಗಿಲ್ವಲ್ಲಮ್ಮ.”

“ಮಕ್ಕಳಿಗೆ ತಾನೇ? ನಂಗೆ ಅರವತ್ತು ದಾಟಿದೆ.”

ಅಕ್ಷರದಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಕರೆದು, ಕುರ್ಚಿ ಎಳೆದುಕೊಟ್ಟು, ಪೆನ್ಸಿಲ್ ಹುಡುಕತೊಡಗಿದಳು.