ಕಾಠಿಯಾವಾಡದ ಹೆಜ್ಜೆ, ಯಂಕಂಚಿಯ ಕಾಲು

೧
ಈ ಕಥೆಯನ್ನು ಗುಜರಾತಿನಿಂದ ಶುರು ಮಾಡಬೇಕಿತ್ತು. ತೊಂದರೆ ಏನೆಂದರೆ, ಒಬ್ಬರನ್ನು ಬಿಟ್ಟು ಕಥೆಯೊಳಗಿನ ಯಾರೂ ಗುಜರಾತ್ ಕಂಡವರಲ್ಲ. ಬರೆಯುತ್ತಿರುವ ನಾನೂ ಕಂಡಿಲ್ಲ. (ನೀವು ಕಂಡಿದ್ದರೆ ದಯವಿಟ್ಟು ಸುಮ್ಮನಿರಿ.)

ಮೊದಲ ಡ್ರಾಫ್ಟು ಹೀಗಿತ್ತು: 'ನವರಾತ್ರಿಯ ಬೆಳದಿಂಗಳಲ್ಲಿ ಕೋಲುಗಳು ಮಾತಾಡತೊಡಗಿದವು...' ಹರಿದು ಹಾಕಿದೆ. ೧೯೭೪ರಲ್ಲಿ ಇಂಡಿ ಊರಿನ ಕರೆಂಟನ್ನು ನಂಬಿ ಯಾರು ಸ್ಪರ್ಧೆ ಇಟ್ಟಾರು? ನಮ್ಮ ದಾಂಡಿಯಾ ನಡೆದದ್ದು ಮಟಮಟ ಮಧ್ಯಾಹ್ನ, ಶಾಲೆಯ ಮೈದಾನದಲ್ಲಿ.

೨
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ಶಾಲೆಗಳಿಗೆ 'ಗುಜರಾತಿ ಜಾನಪದ ನೃತ್ಯ ಸ್ಪರ್ಧೆ'. ನಮ್ಮ ಕೋಲಾಟ ಏನು ಪಾಪ ಮಾಡಿತ್ತು ಎಂದು ಕೇಳಬೇಡಿ. ಅದು ನಮ್ಮದಾಗಿತ್ತು, ಅಷ್ಟು ಸಾಕು. ತೀರ್ಪುಗಾರ ಬಸಂತರಾಯರು ಹತ್ತಿ ವ್ಯಾಪಾರಕ್ಕೆಂದು ಒಮ್ಮೆ ಅಹಮದಾಬಾದಿಗೆ ಹೋಗಿ ಬಂದವರು. ಅಂದಿನಿಂದ ಇಡೀ ಗುಜರಾತ್ ಅವರ ಕಿಸೆಯಲ್ಲಿತ್ತು.

ಅವರ ಪ್ರಕಾರ ಕುಣಿತ ಅಪ್ಪಟ ಗುಜರಾತಿಯಾಗಿರಬೇಕು, ಮತ್ತು ಸ್ವಂತದ್ದಾಗಿರಬೇಕು. ಸ್ವಂತಿಕೆಗೆ ಬೇರೆಯೇ ಒಂದು ಬಹುಮಾನದ ಕಪ್ಪು. ಎರಡೂ ಒಟ್ಟಿಗೆ ಹೇಗೆ ಎಂದು ಯಾರೂ ಕೇಳಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಬಲಹೆಗಲ ಮೇಲಿಂದ ಮುಂದಕ್ಕೆ ಇಳಿಬಿಟ್ಟರೆ ಗುಜರಾತ್ ಆಯಿತೆಂದು ನಾಲ್ಕೂ ಊರಿನವರು ಒಪ್ಪಿಕೊಂಡಿದ್ದರು.

೩
ಈಗ ಸುಂದರವ್ವ. ಸಿಂದಗಿ ಶಾಲೆಯ ಹೊಲಿಗೆ ಟೀಚರ್. ಲಂಗ ಹೊಲಿಯುವವಳು ಕುಣಿತವನ್ನೂ ಹೊಲಿಯಲಿ ಎಂದು ಹೆಡ್‌ಮಿಸ್ಟ್ರೆಸ್ಸು ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ಅವಳು ಕಲಿಸಿದ್ದು ಬಹುಪಾಲು ಸೆರಗು ಬದಲಿಸಿದ ಕೋಲಾಟವೇ. ಒಂದೇ ಒಂದು ಹೆಜ್ಜೆ ಮಾತ್ರ ಅವಳದು. ಒಂದು ಕಾಲು ಊರಿ, ಇನ್ನೊಂದನ್ನು ಎಳೆದು, ಅರ್ಧ ತಿರುಗಿ, ಕೋಲು ಬಡಿಯುವುದು.

ಬಾಗೇವಾಡಿಯ ಟೀಚರ್ ಇಂದುಬಾಯಿ ಸಿಂದಗಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ಬಂದಾಗ ಈ ಹುಡುಗಿಯರ ಎದುರಿಗೆ ಕೂತು ಪ್ರಾಕ್ಟೀಸ್ ನೋಡುತ್ತ ಚಹಾ ಕುಡಿದು ಹೋಗಿದ್ದರು. ಚಹಾದ ಜೊತೆ ಆ ಹೆಜ್ಜೆಯೂ ಹೋಯಿತು. ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಮೊದಲು ಬಂದದ್ದು ಬಾಗೇವಾಡಿ.

"ಇದು ನೋಡ್ರಿ, ಅಸಲ ಕಾಠಿಯಾವಾಡಿ ಹೆಜ್ಜಿ," ಎಂದು ಬಸಂತರಾಯರು ತಲೆದೂಗಿದರು.

ಆಮೇಲೆ ಸಿಂದಗಿಯ ಹುಡುಗಿಯರೂ ಅದನ್ನೇ ಕುಣಿದರು. ರಾಯರು ಸುಂದರವ್ವನನ್ನು ಮೇಜಿನ ಹತ್ತಿರ ಕರೆದರು.

"ಏನ್ರಿ ಅಕ್ಕೋರ, ಬಾಗೇವಾಡಿಯವರ್ದು ನೋಡಿ ನಕಲು ಹೊಡದ್ರಲ್ಲ?"

"ಇಲ್ರಿ ಸಾಹೇಬ್ರ. ಆ ಹೆಜ್ಜಿ ನಂದೈತ್ರಿ."

"ನಿಮ್ದಂದ್ರ ಎಲ್ಲಿಂದ ತಂದ್ರಿ, ಹೇಳ್ರಿ. ಇಲ್ಲಂದ್ರ ನಿಮ್ಮ ಸಾಲಿ ಹೆಸರು ಹೊಡದ ಹಾಕ್ತೇನಿ."

(ಗುಜರಾತಿನ ಕಾಠಿಯಾವಾಡದ್ದಾದರೆ ಅದು ಬಾಗೇವಾಡಿಯದೂ ಅಲ್ಲವಲ್ಲ ಎಂದು ನಾನು ಕೂಗಿದೆ. ಲೇಖಕರ ಮಾತು ತೀರ್ಪುಗಾರರಿಗೆ ಕೇಳಿಸುವುದಿಲ್ಲ.)

೪
ಸುಂದರವ್ವ ಮೈದಾನದ ಅಂಚಿಗೆ ಕಣ್ಣು ಹಾಯಿಸಿದಳು. ಆಚೆ ಬೇವಿನ ಗಿಡದ ನೆರಳಲ್ಲಿ ಅವಳ ಅಪ್ಪ ಬೀರಣ್ಣ ಕೂತಿದ್ದ. ಕುರಿ ಕಾಯುವವನು, ಮಗಳು ಕಲಿಸಿದ ಕುಣಿತ ನೋಡಲೆಂದು ತನ್ನೂರು ಯಂಕಂಚಿಯಿಂದ ಬಂದಿದ್ದ. ಹಿಂದೆ ಯಾವಾಗಲೋ ಚಕ್ಕಡಿಯ ಗಾಲಿ ಅವನ ಪಾದದ ಮೇಲೆ ಹರಿದಿತ್ತು. ಆಗಿನಿಂದ ಒಂದು ಕಾಲು ಊರಿ, ಇನ್ನೊಂದನ್ನು ಎಳೆದು, ಅರ್ಧ ತಿರುಗಿ, ಕೋಲು ನೆಲಕ್ಕೆ ಕುಟ್ಟಿ ನಡೆಯುತ್ತಿದ್ದ. ಆ ನಡಿಗೆಯ ಹಿಂದೆ ಹಿಂದೆ ನಡೆದೇ ಸುಂದರವ್ವ ದೊಡ್ಡವಳಾದದ್ದು. ಅದಕ್ಕಿಂತ ಚೆಂದದ ನಡಿಗೆ ಲೋಕದಲ್ಲಿ ಅವಳಿಗೆ ಗೊತ್ತಿರಲಿಲ್ಲ. ಅದನ್ನೇ ಕುಣಿತಕ್ಕೆ ತಂದೆನೆಂದು ಅಪ್ಪನಿಗೂ ಹೇಳಿರಲಿಲ್ಲ.

"ಹೇಳಿಬಿಡು ಸುಂದರವ್ವ, ಕಥೆ ಎಲ್ಲಿಗೋ ಏರುತ್ತದೆ," ಎಂದೆ ನಾನು.

"ನಿಮ್ಮ ಕಥಿ ಚಂದ ಆಗ್ಲಿ ಅಂತ ನಮ್ಮಪ್ಪನ್ನ ನಾಕು ತಾಲೂಕಿನ ಮಂದಿ ಮುಂದ ಕುಂಟಸ್ಲೇನ್ರಿ?"

ನನಗೆ ನಾಚಿಕೆಯಾಯಿತು. ಅದನ್ನೂ ಬರೆದುಕೊಂಡೆ.

೫
ಮುಕ್ತಾಯಗಳು ಬೇಕಾದಷ್ಟಿವೆ, ಆರಿಸಿಕೊಳ್ಳಿ.

ಅ) ಅವಳು ನಿಜ ಹೇಳುತ್ತಾಳೆ. ಬಸಂತರಾಯರು ಕಣ್ಣೊರೆಸಿಕೊಂಡು ಕಪ್ಪು ಕೊಡುತ್ತಾರೆ. (ಇದನ್ನು ದೀಪಾವಳಿ ವಿಶೇಷಾಂಕಕ್ಕೆ ಕಳಿಸಬಹುದು.)

ಆ) ಬೀರಣ್ಣ ತಾನೇ ಎದ್ದು ಮೈದಾನದ ನಡುವೆ ನಡೆದು ಬರುತ್ತಾನೆ, ಸಭೆ ಸ್ತಬ್ಧ. (ಇದನ್ನು ಅರ್ಧ ಬರೆಯುವಷ್ಟರಲ್ಲಿ ಸುಂದರವ್ವ ನನ್ನನ್ನು ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟೆ.)

ಇ) ಅವಳು ಸುಮ್ಮನೆ ತಲೆ ತಗ್ಗಿಸುತ್ತಾಳೆ. ಸಿಂದಗಿಯ ಹೆಸರು ಹೊಡೆದು ಹಾಕುತ್ತಾರೆ, ಸ್ವಂತಿಕೆಯ ಕಪ್ಪು ಬಾಗೇವಾಡಿಗೆ. ಇನ್ನು ಮೇಲೆ ನಾಲ್ಕೂ ಊರಲ್ಲಿ ಅವಳು 'ನಕಲಿ ಅಕ್ಕೋರು'. ನಿಜವಾಗಿ ಆದದ್ದು ಇದೇ.

೬
ಬಸ್ ಸ್ಟ್ಯಾಂಡು. ಹುಡುಗಿಯರು ಅತ್ತು ಕೆಂಪಾದ ಮುಖ ಹೊತ್ತು ಸಿಂದಗಿ ಬಸ್ಸು ಹತ್ತಿದರು. ಅಪ್ಪ, ಮಗಳು ಇನ್ನೂ ಕೆಳಗಿದ್ದರು.

"ಕುಣತ ಹೆಂಗಿತ್ತಪ್ಪ?"

"ನಿನ್ನ ಹುಡುಗ್ಯಾರು ಬೇಷ್ ಕುಣದ್ರವ್ವ. ಬಾಗೇವಾಡಿಯಾರು ತಪ್ಪಿದ್ರು. ಅವ್ರು ಬಲಗಾಲ ಎಳೀತಿದ್ರು. ನಂದು ಎಡಗಾಲ ಅಲ್ಲೇನು?"

(ಎದುರಿಗೆ ಕೂತು ನೋಡಿ ಕಲಿತರೆ ಎಡ ಬಲವಾಗುತ್ತದೆ. ಇಂದುಬಾಯಿ ಎದುರಿಗೇ ಕೂತಿದ್ದರು. ಕಳವಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕಥೆ ಕಟ್ಟುವ ನನಗೇ ಇದು ಹೊಳೆದಿರಲಿಲ್ಲ.)

ಸುಂದರವ್ವನ ಕಣ್ಣು ತುಂಬಿತು. ಅಪ್ಪನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಕೊನೆತನಕ ಕೂತು ನೋಡಿದ್ದ.

"ಸಾಹೇಬ್ರು ಇನ್ನಾ ಅಲ್ಲೇ ಅದಾರಪ್ಪ. ಹೋಗಿ ಹೇಳ್ಲೇನು?"

ಕಂಡಕ್ಟರ್ ಸೀಟಿ ಊದಿದ. ಅವಳು ಬಸ್ಸು ಹತ್ತಿದಳೋ, ಮೈದಾನಕ್ಕೆ ತಿರುಗಿದಳೋ, ನಾನು ಬರೆಯುವುದಿಲ್ಲ. ನೀವು ಎಷ್ಟು ಬೈದರೂ ಬರೆಯುವುದಿಲ್ಲ. ಬೀರಣ್ಣ ಅಂದದ್ದನ್ನಷ್ಟೇ ಇಲ್ಲಿ ಇಟ್ಟು ಹೋಗುತ್ತೇನೆ.

"ಹೇಳೂದು ಬಿಡೂದು ನಿಂದು. ಹೇಳಿದ್ರ ಯಾಂವೋ ಒಬ್ಬ ಕುಂಟಂದು ಅನಬ್ಯಾಡ. ಬೀರಣ್ಣಂದು ಅನ್ನು."