ಟ್ಯಾಂಕ್ ಅಂದರೆ ಟ್ಯಾಂಕೇ

ಚನ್ನಪಟ್ಟಣದ ಗೊಂಬೆ ಸಂಘಕ್ಕೆ ಹೊರದೇಶದಿಂದ ಒಂದು ಆರ್ಡರ್ ಬಂತು. ಆ ದೇಶದ ಸಂಸ್ಕೃತಿ ಇಲಾಖೆ ಸೇನಾ ದಿನದಂದು ಶಾಲೆಯ ಮಕ್ಕಳಿಗೆ ಹಂಚಲು ಮರದ ಟ್ಯಾಂಕ್‌ಗಳನ್ನು ಕೇಳಿತ್ತು. ಮಕ್ಕಳು ಬಾಯಿಗೆ ಹಾಕಿದರೂ ಅಪಾಯವಾಗದ ಬಣ್ಣವೇ ಇರಬೇಕು ಎಂದು ಎರಡು ಸಲ ಬರೆದಿತ್ತು. ಹಿಂದಿನ ವರ್ಷ ಅದೇ ದೇಶ ನೆರೆಯ ದೇಶದೊಳಕ್ಕೆ ನಿಜವಾದ ಟ್ಯಾಂಕ್‌ಗಳನ್ನು ನುಗ್ಗಿಸಿತ್ತು. ದೇಶಗಳ ಸಭೆಯಲ್ಲಿ ಅದನ್ನು ಖಂಡಿಸುವ ನಿರ್ಣಯ ಮತಕ್ಕೆ ಬಂದಾಗ ಎಷ್ಟೋ ದೇಶಗಳು ಯಾವ ಕಡೆಗೂ ಕೈ ಎತ್ತಿರಲಿಲ್ಲ. ಸಂಘದ ಪತ್ರವ್ಯವಹಾರ ನೋಡುವ ಅಮೂಲ್ಯ ಎಂ.ಎ.ಯಲ್ಲಿ ಅಂಥ ತಟಸ್ಥ ದೇಶಗಳ ಬಗ್ಗೆಯೇ ಪ್ರಬಂಧ ಬರೆದಿದ್ದಳು. ಒಳ್ಳೆಯ ಅಂಕ ಬಂದಿತ್ತು.

ತಿಂಗಳೊಳಗೆ ಹೊರದೇಶದ ಒಂದು ಆರ್ಡರ್ ತೋರಿಸದಿದ್ದರೆ ಸಂಘಕ್ಕೆ ಸರ್ಕಾರ ಕೊಟ್ಟಿದ್ದ ಶೆಡ್ಡು ಬೇರೆಯವರ ಪಾಲಾಗುವುದಿತ್ತು. ಹಾಗಾಗಿ ಅಮೂಲ್ಯ ಸಭೆಯಲ್ಲಿ ಹೆಚ್ಚು ಮಾತಾಡಲಿಲ್ಲ. ಟ್ಯಾಂಕ್ ಬೇಕಂತೆ ಎಂದಳು. ಎಲ್ಲರೂ ಕೈ ಎತ್ತಿದರು. ಆರ್ಡರ್ ಜೊತೆ ಬಂದಿದ್ದ ಚಿತ್ರವನ್ನು ಯಾರೂ ಕೇಳಲಿಲ್ಲ, ಅವಳೂ ತೋರಿಸಲಿಲ್ಲ.

ವಾರದ ಮೇಲೆ ಹಿರಿಯ ಕೆಲಸಗಾರ ಬಿಸ್ಮಿಲ್ಲಾ ಸಾಬರು ಮಾದರಿ ತಂದು ಮೇಜಿನ ಮೇಲಿಟ್ಟರು. ನಾಲ್ಕು ಕಾಲಿನ ಮೇಲೆ ನಿಂತ ನೀರಿನ ಟ್ಯಾಂಕ್. ನೀಲಿ ಅರಗಿನ ಬಣ್ಣ, ಬದಿಗೊಂದು ಸಣ್ಣ ಏಣಿ. ಸಂಘದಲ್ಲಿ ಬಣ್ಣದ ಕೆಲಸ ಮಾಡುವ ಮುನ್ನೀ ತಾಳೆಗರಿಯಿಂದ ಉಜ್ಜಿ ಅದಕ್ಕೆ ಕನ್ನಡಿಯ ಹೊಳಪು ಕೊಟ್ಟಿದ್ದಳು.

"ಬಸ್ ಸ್ಟ್ಯಾಂಡ್ ಹಿಂದಿಂದು ನೋಡ್ಕೊಂಡು ಮಾಡಿದ್ದು," ಎಂದರು ಸಾಬರು. "ಅದು ಸೋರ್ತದೆ. ಇದು ಸೋರಲ್ಲ."

ಅವರೆಲ್ಲ ಕೈ ಎತ್ತಿದ್ದು ನೀರಿನ ಟ್ಯಾಂಕಿಗೆ ಎಂದು ಅಮೂಲ್ಯಳಿಗೆ ಆಗ ಗೊತ್ತಾಯಿತು.

ಸಂಘದ ಅಧ್ಯಕ್ಷ ಬಾಲರಾಜುವಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಸಾಬರೊಬ್ಬರಿಗೆ ಚಿತ್ರ ಕೊಟ್ಟು ಆಕಾರ ಬದಲಾಯಿಸಿದರೆ ಮುಗಿಯಿತು ಎಂಬುದು ಅವನ ಲೆಕ್ಕ. "ಮೀಟಿಂಗ್ ಆಗೋಗೈತೆ. ಎಲ್ಲಾ ಕೈ ಎತ್ತವ್ರೆ. ಟ್ಯಾಂಕ್ ಅಂದ್ರೆ ಟ್ಯಾಂಕೇ ಕಣಮ್ಮ."

ಅಮೂಲ್ಯ ಮಾರನೆಯ ದಿನ ಎಲ್ಲರನ್ನೂ ಕೂರಿಸಿ ಚಿತ್ರ ತೋರಿಸಿದಳು. ಆ ದೇಶ ಏನು ಮಾಡಿದೆ ಎಂಬುದನ್ನೂ ಹೇಳಿದಳು. ಸಾಬರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಈ ಕೊಳವೆ ತುದಿ ಮೊಂಡಾಗಿ ಇರ್ಬೇಕು," ಎಂದರು. "ಇಲ್ಲಾಂದ್ರೆ ಮಕ್ಕಳ ಕಣ್ಣಿಗೆ ಚುಚ್ತದೆ."

ಯಾರೂ ನಗಲಿಲ್ಲ.

ಆಟದ ಸಾಮಾನು ತಾನೇ, ನಮ್ಮ ಮಕ್ಕಳೂ ದೀಪಾವಳಿಯಲ್ಲಿ ಪಿಸ್ತೂಲು ಹಿಡಿಯುತ್ತವೆ ಎಂದಳು ಮುನ್ನೀ. ಶೆಡ್ಡು ಹೋದರೆ ಅವಳು ಮತ್ತೆ ಬೀಡಿ ಕಟ್ಟಲು ಕೂರಬೇಕಿತ್ತು. ಎರಡನೆಯ ಸಲ ಕೈ ಎತ್ತಿಸಿದಾಗ ಸರಿಯಾಗಿ ಅರ್ಧ ಜನ ಮಾಡೋಣ ಎಂದರು, ಉಳಿದರ್ಧ ಬೇಡವೆಂದರು. ಅಮೂಲ್ಯ ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದಳು.

"ನೀನೂ ಮೆಂಬರೇ ಕಣಮ್ಮ," ಎಂದ ಬಾಲರಾಜು. "ಬರ್ಕೊಂಡ್ ಕುಂತ್ರೆ ಆಯ್ತದಾ?"

ಅವಳು ಬೇಡವೆಂದು ಕೈ ಎತ್ತಿದಳು. ಮುನ್ನೀ ಅವಳ ಕಡೆ ನೋಡಲಿಲ್ಲ.

ಆ ಸಂಜೆ ಅಮೂಲ್ಯ ಇಲಾಖೆಗೆ ಉತ್ತರ ಬರೆದಳು. ಕಾರಣ ಹೇಳಬೇಕಾದಲ್ಲಿ ತುಂಬ ಹೊತ್ತು ನಿಂತಳು. ಕೊನೆಗೆ, ನಮ್ಮ ಲೇತ್‌ಗಳಲ್ಲಿ ಉರುಟಾದ ವಸ್ತುಗಳನ್ನು ಮಾತ್ರ ಕಡೆಯಬಹುದು, ಕ್ಷಮಿಸಿ ಎಂದು ಬರೆದಳು.

"ಚೆನ್ನಾಗೈತೆ," ಎಂದ ಬಾಲರಾಜು. "ಯಾರ್ಗೂ ಬೇಜಾರಾಗಲ್ಲ."

ಯಾರಿಗೂ ಬೇಜಾರಾಗಲಿಲ್ಲ. ಇಲಾಖೆ ಸೌಜನ್ಯದಿಂದ ಮರು ಉತ್ತರ ಕಳಿಸಿತು. ನಿಮ್ಮ ಕಷ್ಟ ನಮಗೆ ಅರ್ಥವಾಗಿದೆ, ಟ್ಯಾಂಕ್ ಬೇಡ, ಫಿರಂಗಿ ಗುಂಡುಗಳನ್ನೇ ಮಾಡಿಕೊಡಿ. ಅಳತೆಯ ಚಿತ್ರವೂ ಇತ್ತು. ಎಲ್ಲವೂ ಉರುಟಾಗಿದ್ದವು.

ಅಮೂಲ್ಯ ಈ ಸಲ ಒಂದೇ ಸಾಲು ಬರೆದಳು: ನಾವು ಮಾಡುವುದಿಲ್ಲ. ಬಾಲರಾಜು ಅದನ್ನು ಓದಿ, ಕಾರಣ ಎಲ್ಲಿ ಎಂದು ಕೇಳಿದ.

"ಕಾರಣ ಕೊಟ್ರೆ ಅವ್ರು ಅದನ್ನ ಸರಿ ಮಾಡ್ಕೊಡ್ತಾರಣ್ಣ."

ಆ ಸಾಲಿಗೆ ಇಲಾಖೆಯಿಂದ ಉತ್ತರ ಬರಲಿಲ್ಲ. ತಿಂಗಳ ಕೊನೆಗೆ ಶೆಡ್ಡಿನ ಬೀಗದ ಕೈ ಬೇರೆಯವರಿಗೆ ಹೋಯಿತು. ಲೇತ್‌ಗಳು ಈಗ ಸಾಬರ ಮನೆಯ ಪಡಸಾಲೆಯಲ್ಲಿವೆ. ಅಲ್ಲಿ ಇಬ್ಬರು ಕೂರುವಷ್ಟು ಜಾಗ ಇದೆ. ಮುನ್ನೀ ಬರುತ್ತಿಲ್ಲ.