ಸೀಸ ಬಿತ್ತಿದ ಹೊಲ

ಮಾವನ ಗೋರಿ ಅಗೆದವನನ್ನು ಶೇಖಮ್ಮ ಬಯ್ಯಲಿಲ್ಲ. ಬಾಯಿ ತೆರೆದರೆ ಮಸ್ಕಿಯ ಸಂತೆಯೇ ತಿರುಗಿ ನೋಡುವಂಥ ಹೆಂಗಸು ಬಯ್ಯದೆ ಸುಮ್ಮನಿದ್ದಾಳೆಂದರೆ ಎದುರಿನವನು ಹೆದರಬೇಕು. ಸಿಂಧನೂರಿನ ವೀರೇಂದ್ರನಿಗೆ ಅಷ್ಟು ಬುದ್ಧಿ ಎಲ್ಲಿತ್ತು?

ವೀರೇಂದ್ರನದು ಪಂಪ್‌ಸೆಟ್ ಅಂಗಡಿ. ಬಂಗಾರದ ಬೆಲೆ ಏರತೊಡಗಿದ ಮೇಲೆ ಬಂಗಾರ ಹುಡುಕುವ ಮಷೀನುಗಳನ್ನೂ ತರಿಸಿ ಮಾರತೊಡಗಿದ. ಹಟ್ಟಿ ಗಣಿ ಪಕ್ಕದಲ್ಲೇ ಇರುವಾಗ ಲಿಂಗಸುಗೂರು, ಮಸ್ಕಿ ಕಡೆ ಕೆಂಪು ಹೊಲ ಇದ್ದವರಿಗೆಲ್ಲ ತಮ್ಮ ಕಾಲಡಿಯಲ್ಲೂ ಏನೋ ಇದೆಯೆಂಬ ಆಸೆ. ಬೈಕಿನ ಬೆಲೆಗೆ ಸಿಗುವ ಮಷೀನು ಗೇಣುದ್ದ ಮಾತ್ರ ನೋಡುತ್ತದೆ. ಅದೂ ಕೆಂಪು ಮಣ್ಣು ಕಂಡರೆ ಎಲ್ಲಿಟ್ಟರೂ ಕೂಗುತ್ತದೆ. ಈಚೆಗೆ ಬಂದದ್ದು ಮಣ್ಣಿನ ಸದ್ದನ್ನು ಅಡಗಿಸಿ ಮೊಳದ ಕೆಳಗೂ ಹುಡುಕುತ್ತದೆ, ಆದರೆ ಅದರ ಬೆಲೆಗೆ ಹಳೇ ಟ್ರ್ಯಾಕ್ಟರ್ ಒಂದು ಬರುತ್ತದೆ. ಅಷ್ಟು ಕೊಟ್ಟು ಕೊಳ್ಳುವವರು ಯಾರೂ ಇಲ್ಲದ್ದರಿಂದ ತುಟ್ಟಿ ಮಷೀನನ್ನು ವೀರೇಂದ್ರ ತಾನೇ ಹೊತ್ತು ಹೊಲಹೊಲ ತಿರುಗುತ್ತಿದ್ದ. ಸಿಕ್ಕಿದ್ದರಲ್ಲಿ ಅರ್ಧ ಅವನಿಗೆ.

ಹಾಗೇ ಶೇಖಮ್ಮನ ಗಂಡ ವೆಂಕೋಬನ ಕಲ್ಲುಹೊಲಕ್ಕೂ ಬಂದ. ಕಿವಿಗೆ ದಪ್ಪನೆಯ ಹೆಡ್‌ಫೋನು. ಮಷೀನು ಏನು ಹೇಳಿದರೂ ಅದನ್ನು ಹಾಕಿಕೊಂಡವನಿಗೆ ಮಾತ್ರ ಕೇಳುತ್ತದೆ. ಉಳಿದವರು ಅವನ ಮುಖ ನೋಡುತ್ತ ನಿಲ್ಲಬೇಕು. ಬೇವಿನ ಗಿಡದ ಕೆಳಗೆ, ವೆಂಕೋಬನ ಅಪ್ಪನ ಗೋರಿಯ ಮೇಲೆ, ವೀರೇಂದ್ರನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಹೆಡ್‌ಫೋನು ಕುತ್ತಿಗೆಗೆ ಇಳಿಸಿದ.

"ಏನಿಲ್ಲೋ ವೆಂಕೋಬ. ಬರೇ ಕಬ್ಬಿಣ."

ವೆಂಕೋಬನ ಮುಖ ಸಣ್ಣದಾಯಿತು. ವೀರೇಂದ್ರನೇ ಸಮಾಧಾನ ಹೇಳಿದ: ಗೊರೇಬಾಳದಲ್ಲಿ ತನ್ನದೊಂದು ನೀರಾವರಿ ತುಂಡು ಇದೆ, ಅದನ್ನು ತೆಗೆದುಕೊಂಡು ಈ ಕಲ್ಲುಹೊಲ ತನಗೆ ಕೊಡು, ಗೋದಾಮು ಕಟ್ಟಿಸುತ್ತೇನೆ. ಮಸ್ಕಿಯ ಹಿರಿಯ, ಬಟ್ಟೆ ಅಂಗಡಿಯ ಅಮರಗುಂಡಪ್ಪ ಮಧ್ಯಸ್ಥಿಕೆ ವಹಿಸಿದ. ಗೋರಿ ಮುಟ್ಟುವುದಿಲ್ಲವೆಂದು ವೀರೇಂದ್ರ ಭಸ್ಮ ಹಿಡಿದು ಆಣೆ ಮಾಡಿದ. ಅದಲುಬದಲಿನ ಪತ್ರವೂ ಆಯಿತು. ಗೊರೇಬಾಳದ ತುಂಡು ಕಾಲುವೆಯ ಕಟ್ಟಕಡೆಯಲ್ಲಿತ್ತು, ಅಲ್ಲಿಯವರೆಗೆ ನೀರು ಬರುತ್ತಲೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟಾಗಿದ್ದರೆ ಶೇಖಮ್ಮ ನಾಲ್ಕು ಮಾತು ಬೈದು ನುಂಗಿಕೊಳ್ಳುತ್ತಿದ್ದಳೇನೋ.

ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಹೋದಳು. ಗೋರಿ ಇದ್ದ ಜಾಗದಲ್ಲಿ ಗುಂಡಿ ಇತ್ತು. ನೆಲವೆಲ್ಲ ಬಂಡೆಯಾದ್ದರಿಂದ ಮಾವನನ್ನು ಆಳಕ್ಕೆ ಹೂಳಲಾಗಿರಲಿಲ್ಲ. ತಲೆಯ ಹತ್ತಿರ ಅವನ ತಾಮ್ರದ ತಂಬಿಗೆ ಇಟ್ಟಿದ್ದರು. ಕಿವಿಯ ಬಂಗಾರದ ಮುರುವು ಬಿಚ್ಚಲು ಬಾರದೆ ಹಾಗೇ ಬಿಟ್ಟಿದ್ದರು. ಮಷೀನಿಗೆ ಕೇಳಿದ್ದು ಅದೇ. ಈಗ ತಂಬಿಗೆ ಇರಲಿಲ್ಲ, ಮುರುವು ಇರಲಿಲ್ಲ. ಎಲುಬುಗಳು ಮಾತ್ರ ಗಿಡದ ಬುಡದಲ್ಲಿ ಕಲ್ಲಿನ ಜೊತೆ ಬಿದ್ದಿದ್ದವು.

ಬಿತ್ತನೆಯ ದಿನ ಮೊದಲ ಹಿಡಿ ಬೀಜವನ್ನು ಸೊಸೆಯ ಕೈಯಿಂದಲೇ ಹಾಕಿಸುತ್ತಿದ್ದ ಮಾವ. ಅವನನ್ನು ಶೇಖಮ್ಮ ಒಂದೊಂದಾಗಿ ಆರಿಸಿ ಮಡಕೆಗೆ ತುಂಬಿದಳು, ಬಾಯಿಗೆ ಬಟ್ಟೆ ಕಟ್ಟಿ ಮನೆಯ ಹಿತ್ತಲಿನ ಗಿಡಕ್ಕೆ ತೂಗು ಹಾಕಿದಳು. ಬೇರೆಯವರ ನೆಲದಲ್ಲಿ ಮತ್ತೆ ಹೂಳುವಂತಿಲ್ಲ. ಅವನ ಹೊಲ ಅವನಿಗೆ ಬರಬೇಕು. ವೆಂಕೋಬ ಆ ಮಡಕೆಯ ಕೆಳಗೆ ಕೂತು ಊಟ ಬಿಟ್ಟ.

"ಹೋಗಿ ಜಗಳ ಮಾಡೂನೇನ?" ಎಂದ.

"ಜಗಳ ಮಾಡಿದ್ರ ಗೋದಾಮಿನ ಪಾಯ ತೋಡಿದೆ ಅಂತಾನ. ನೀ ಸುಮ್ನಿರು. ಅವನ ಬಾಯಿಂದನ ಹೊಲ ತಿರುಗಿ ಕೊಡಸ್ತೀನಿ."

ಶೇಖಮ್ಮನ ಹೊಟ್ಟೆಯೊಳಗಿನ ಬೆಂಕಿಗೆ ದಾರಿ ತೋರಿಸಿದವನು ವೀರೇಂದ್ರನೇ. ಅಂಗಡಿಯ ಪ್ರಚಾರಕ್ಕೆ ಅವನು ಮಾಡಿ ಬಿಡುತ್ತಿದ್ದ ವಿಡಿಯೋ ಒಂದು ಅವಳ ಫೋನಿಗೂ ಬಂದಿತ್ತು. ಕನ್ನಡಕ ಏರಿಸಿಕೊಂಡು ಪಂಡಿತನ ಹಾಗೆ ಹೇಳುತ್ತಿದ್ದ: "ಕಬ್ಬಿಣದ ಕೂಗು ಬ್ಯಾರೇನ ಇರತೈತ್ರಿ. ಸೀಸ, ಬಂಗಾರ ಮಾತ್ರ ಒಂದ ನಮೂನಿ. ಎಷ್ಟ ತುಟ್ಟಿ ಮಷೀನ್ ಇರ್ಲಿ, ಅಗದಾ ನೋಡಬೇಕು." ಶೇಖಮ್ಮ ಅದನ್ನು ಮತ್ತೆ ಮತ್ತೆ ಕೇಳಿದಳು. ಅಮಾವಾಸ್ಯೆಯ ನಂತರ ಅವಳ ಮುಖದಲ್ಲಿ ನಗು ಕಂಡದ್ದು ಆವತ್ತೇ, ಒಳ್ಳೆಯ ನಗುವಲ್ಲ.

ಮರುದಿನ ತುರ್ವಿಹಾಳಕ್ಕೆ ಬಸ್ ಹತ್ತಿದಳು. ಕಾಲುವೆಯಲ್ಲಿ ಮೀನು ಹಿಡಿಯುವ ಮಕ್ತುಮ್‌ಸಾಬ್ ಅವಳಿಗೆ ಹಳೇ ಪರಿಚಯ. ಬಲೆ ಮುಳುಗಲೆಂದು ಅಂಚಿಗೆ ಸೀಸದ ಗುಂಡು ಕಟ್ಟುತ್ತಾರಲ್ಲ, ಹರಿದ ಬಲೆಗಳ ಆ ಗುಂಡುಗಳನ್ನೆಲ್ಲ ಕೇಳಿದಳು.

"ಇದನ್ನ ತಗೊಂಡ್ ಏನ್ ಮಾಡ್ತೀ ತಂಗಿ?"

"ಬಿತ್ತತೀನಿ ಅಣ್ಣಾ."

"ಬೆಳೀತೈತೇನ ಇದು?"

"ಚೊಲೋ ಬೆಳೀತೈತಿ."

ಗೊರೇಬಾಳದ ತುಂಡಿನ ಮೂಲೆಯಲ್ಲಿ ಹಟ್ಟಿ ಕಡೆಯಿಂದ ರಸ್ತೆಗೆಂದು ತಂದು ಮಿಕ್ಕ ಕೆಂಪು ಗರಸುಮಣ್ಣನ್ನು ಯಾರೋ ಸುರಿದು ಹೋಗಿದ್ದರು. ಶೇಖಮ್ಮ ಅದನ್ನು ಹರಡಿ, ಕುರುಪಿಯಿಂದ ಕೆದಕಿ, ಅಲ್ಲಲ್ಲಿ ಸೀಸ ಹೂತಳು. ಮೇಲೆ ಕುಂಟೆ ಹೊಡೆಸಿದಳು. ಮಾವ ಕಲಿಸಿದಂತೆಯೇ, ಒತ್ತಾಗಿಯೂ ಅಲ್ಲ, ತೆಳುವಾಗಿಯೂ ಅಲ್ಲ.

ಗಾಳಕ್ಕೆ ಎರೆ ಬೇಕಿತ್ತು. ತಾಳಿಯ ಸರದಿಂದ ಬಂಗಾರದ ಗುಂಡೊಂದನ್ನು ಬಿಚ್ಚಿದಳು. ಗಂಡ ಬದುಕಿರುವಾಗ ತಾಳಿಗೆ ಕೈ ಹಚ್ಚಬಾರದು. ಆದರೂ ಅದನ್ನು ಕಲ್ಲಿನ ಮೇಲಿಟ್ಟು ಜಜ್ಜಿದಳು, ಗರಸಿನಲ್ಲಿ ಹೊರಳಿಸಿದಳು.

ಆಮೇಲೆ ಅಮರಗುಂಡಪ್ಪನನ್ನು ಕರೆದುಕೊಂಡೇ ವೀರೇಂದ್ರನ ಅಂಗಡಿಗೆ ಹೋದಳು. ಸೆರಗು ಹೊದ್ದು, ದನಿ ತಗ್ಗಿಸಿ, ನೋಡಿದವರು ಅಯ್ಯೋ ಪಾಪ ಅನ್ನಬೇಕು ಹಾಗೆ ನಿಂತಳು.

"ಸಾವ್ಕಾರ್ರ, ಹೊಲದಾಗ ಕಳೆ ತೆಗಿಯಾಕತ್ತಿದ್ದೆ, ಇದು ಸಿಕ್ತು. ಏನೈತಿ ನೋಡ್ರಿ."

ವೀರೇಂದ್ರ ಚೂರನ್ನು ಬೆಳಕಿಗೆ ಹಿಡಿದ.

"ಹಿತ್ತಾಳಿ ಚೂರು," ಎಂದ. ಎಂದವನು ಅದನ್ನು ತಿರುಗಿ ಕೊಡಲಿಲ್ಲ, ತನ್ನ ಪಾಕೀಟಿನಲ್ಲಿ ಇಟ್ಟುಕೊಂಡ. ಹಿತ್ತಾಳೆಗೆ ಅಷ್ಟು ಮರ್ಯಾದೆ ಕೊಡುವವನನ್ನು ಶೇಖಮ್ಮ ಅವತ್ತೇ ಮೊದಲು ನೋಡಿದ್ದು. "ಮಷೀನ್ ತರ್ತೀನಿ. ನೋಡೂಣು."

ಅದೇ ಸಂಜೆ ಗೊರೇಬಾಳಕ್ಕೆ ಬಂದ, ಅಮರಗುಂಡಪ್ಪನೂ ಜೊತೆಗಿದ್ದ. ಗರಸಿನ ಮೂಲೆಗೆ ಹೋಗುತ್ತಿದ್ದಂತೆ ಅವನ ಕೈ ತಡೆಯಿತು, ಮುಂದೆ ಹೋಗಿ ಮತ್ತೆ ತಡೆಯಿತು. ಹೆಡ್‌ಫೋನಿನ ಒಳಗೆ ಏನು ಕೂಗುತ್ತಿದೆಯೆಂದು ಹೊರಗೆ ನಿಂತ ಶೇಖಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ನಿಜ ಹೇಳುತ್ತಾನೋ ಏನೋ ಎಂದು ಒಂದು ಕ್ಷಣ ಅವಳಿಗೇ ಭಯವಾಯಿತು.

"ಏನಿಲ್ಲಬೇ ಶೇಖಮ್ಮ. ಬರೇ ಕಬ್ಬಿಣ."

"ಅಜ್ಜಾರ, ಕೇಳಿದ್ರಲ್ಲ?" ಎಂದು ಅವಳು ಅಮರಗುಂಡಪ್ಪನ ಕಡೆ ತಿರುಗಿದಳು. "ನೀರೂ ಇಲ್ಲ, ಏನೂ ಇಲ್ಲ. ಹಂಗಾದ್ರ ಇದು ನಮಗ ಬ್ಯಾಡ. ನಮ್ಮ ಕಲ್ಲುಹೊಲ ನಮಗ ಕೊಡಸ್ರಿ."

ವೀರೇಂದ್ರ ಬಹಳ ಕಷ್ಟಪಟ್ಟವನಂತೆ ನಿಟ್ಟುಸಿರು ಬಿಟ್ಟ. "ನನಗ ಲುಕ್ಸಾನ ಆಗತೈತಿ. ಆದ್ರೂ ಆಗ್ಲಿ, ಹೆಣ್ಮಗಳು ಕೇಳಾಕತ್ತಾಳ," ಎಂದ. ಆ ವಾರದಲ್ಲೇ ಪತ್ರ ಮಾಡಿಸಿಕೊಟ್ಟ. ಅಷ್ಟು ಅವಸರ ಅವನಿಗೆ. ಪಂಪ್‌ಸೆಟ್ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಹಳೆಯದಕ್ಕಿಂತಲೂ ಆಳಕ್ಕೆ ಹೋಗುವ ಹೊಚ್ಚ ಹೊಸ ಮಾದರಿಯ ಮಷೀನು ತರಿಸಿದ. ಕಾರಿನ ಬೆಲೆಯದು. ಗೊರೇಬಾಳದ ಗರಸಿನ ಮೇಲೆ ಅದು ಇನ್ನೂ ಜೋರಾಗಿ ಕೂಗಿತು.

ಕಲ್ಲುಹೊಲದ ಬೇವಿನ ಕೆಳಗೆ ವೆಂಕೋಬ ಗುಂಡಿ ಹಸನು ಮಾಡುತ್ತಿದ್ದ. ಮಡಕೆ ಶೇಖಮ್ಮನ ತೊಡೆಯ ಮೇಲಿತ್ತು. ಅವಳೇ ಕರೆಸಿದ್ದ ಅಮರಗುಂಡಪ್ಪ ತಲೆಯ ರುಮಾಲು ತೆಗೆದು ನಿಂತಿದ್ದ. ತನ್ನ ಮಧ್ಯಸ್ಥಿಕೆಯಲ್ಲೇ ಈ ಗೋರಿ ಹಾಳಾಯಿತೆಂಬ ನೋವು ಅವನಿಗೆ. ಅಷ್ಟರಲ್ಲಿ ವೀರೇಂದ್ರನ ಬೈಕು ಬಂತು. ಉಗುರಿನ ತುಂಬ ಮಣ್ಣು, ಮುಷ್ಟಿಯ ತುಂಬ ಬೂದುಬಣ್ಣದ ಗುಂಡುಗಳು.

"ಮೋಸ! ಇಡೀ ಮೂಲಿ ಜರಡಿ ಹಿಡದೀನಿ ಅಜ್ಜಾರ, ಬರೇ ಸೀಸ! ಇಕಿ ಬೇಕಂತ ಹೂತಾಳ!"

"ಸೀಸ ಹೆಂಗಪಾ?" ಅಮರಗುಂಡಪ್ಪ ನಿಧಾನಕ್ಕೆ ಕೇಳಿದ. "ನನ್ನ ಮುಂದನ ಬರೇ ಕಬ್ಬಿಣ ಅಂದೆಲ್ಲ. ಕಬ್ಬಿಣ ಇದ್ದಲ್ಲಿ ಯಾಕ ಜರಡಿ ಹಿಡದಿ?"

ವೀರೇಂದ್ರ ಮುಷ್ಟಿ ಬಿಗಿಹಿಡಿದು ಬೆನ್ನ ಹಿಂದೆ ಸರಿಸಿದ.

"ಈ ಗೋರಿ ಮ್ಯಾಲೂ ಕಬ್ಬಿಣ ಅಂದಿದ್ದಿ," ಎಂದಳು ಶೇಖಮ್ಮ. ಈಗ ದನಿ ತಗ್ಗಿರಲಿಲ್ಲ, ಸಾವ್ಕಾರ್ರ ಎಂಬ ಮಾತೂ ಇರಲಿಲ್ಲ. "ಭಸ್ಮ ಹಿಡದಿದ್ದಿ. ನಮ್ಮ ಮಾವನ ಕಿವಿ ಹರದ್ ತಿಂದಿ. ನೀ ಉಂಡ ಅನ್ನಕ್ಕ ನಿನ್ನ ಕೈಯಾಗಿನ ಸೀಸದ ರುಚಿನ ಇರ್ಲಿ. ಆ ನನ್ನ ಹಿತ್ತಾಳಿ ಚೂರು ಕೊಡು."

ವೀರೇಂದ್ರ ಜೇಬಿನ ಮೇಲೆ ಅಂಗೈ ಒತ್ತಿಕೊಂಡ.

"ಹಿತ್ತಾಳೀನ ಅಲ್ಲೇನಪಾ," ಎಂದ ಅಮರಗುಂಡಪ್ಪ. "ಕೊಡು."

ಅವನು ಪಾಕೀಟು ತೆರೆದ. ಶೇಖಮ್ಮ ಜಜ್ಜಿದ ಗುಂಡನ್ನು ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. ಅವನು ನೋಡುತ್ತಿದ್ದಂತೆಯೇ ಗುಂಡಿಗೆ ಇಳಿದು, ಎಲುಬುಗಳನ್ನು ಸಾಲಾಗಿ ಮಲಗಿಸಿ, ಬಂಗಾರವನ್ನು ಮಾವನ ಹಲ್ಲುಗಳ ನಡುವೆ ಇಟ್ಟಳು.

ಮೊದಲ ಹಿಡಿ ಮಣ್ಣನ್ನು ಅವಳೇ ಹಾಕಿದಳು.